ಮಗುವಿನೊಡನೆ ಸದ್ದಿಲ್ಲದ ದ್ವೀಪಕ್ಕೆ

ಗೃಹಸ್ಥರಿಗೆ ದುಡಿಮೆಯಂತೆಯೇ ವಿಶ್ರಾಂತಿಯೂ ಅವಶ್ಯಕ. ಆದರೆ ವಿಶ್ರಾಂತಿಗೆಂದು ಪ್ರವಾಸ ಹೊರಟವರು ಮೊದಲಿಗಿಂತ ಹೆಚ್ಚು ದಣಿದು ಮನೆಗೆ ಮರಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ನಾಲ್ಕು ದಿನಗಳಲ್ಲಿ ಹತ್ತು ಸ್ಥಳಗಳನ್ನು ನೋಡಿ ಮುಗಿಸಬೇಕೆಂಬ ಹಂಬಲವೇ ಇದಕ್ಕೆ ಕಾರಣ. ಜೊತೆಯಲ್ಲಿ ಎರಡು ವರ್ಷದ ಮಗುವಿದ್ದರೆ ಈ ಹಂಬಲಕ್ಕೆ ತಾನಾಗಿಯೇ ಕಡಿವಾಣ ಬೀಳುತ್ತದೆ. ಹಸಿವಾದಾಗ ಊಟ, ನಿದ್ದೆ ಬಂದಾಗ ಮಡಿಲು, ಎಚ್ಚರವಿದ್ದಾಗ ಆಡಲು ಒಂದಿಷ್ಟು ಮರಳು. ಇದಕ್ಕಿಂತ ಹೆಚ್ಚಿನದನ್ನು ಮಗು ಕೇಳುವುದಿಲ್ಲ.

ಕಳೆದ ಚಳಿಗಾಲದಲ್ಲಿ ನನ್ನ ಮಗ ಸೊಸೆಯರು ಸಮುದ್ರತೀರದಲ್ಲಿ ಒಂದು ವಾರ ಕಳೆಯಲು ಬಯಸಿ ನಮ್ಮನ್ನೂ ಕರೆದರು. ಮಗನ ಮನಸ್ಸು ಮಾಲ್ಡೀವ್ಸಿನ ಕಡೆಗಿತ್ತು. ಅಲ್ಲಿ ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದ ಕುಟೀರಗಳ ಚಿತ್ರಗಳನ್ನು ಆತ ತೋರಿಸಿದ. ಸೊಸೆ ಒಂದೇ ಪ್ರಶ್ನೆ ಕೇಳಿದಳು: "ಜಗಲಿಯ ಮೂರು ಕಡೆಯೂ ಆಳವಾದ ನೀರು. ದಿನವಿಡೀ ಮಗುವಿನ ಹಿಂದೆ ಓಡುವುದೇ ಕೆಲಸವಾದರೆ ವಿಶ್ರಾಂತಿ ಯಾರಿಗೆ?" ಲಕ್ಷದ್ವೀಪದ ಮಾತೂ ಬಂದಿತು, ಅಲ್ಲಿಗೆ ಮುಂಚಿತವಾಗಿ ಪ್ರವೇಶ ಪರವಾನಗಿ ಪಡೆಯಬೇಕು. ಕೊನೆಗೆ ನಿಶ್ಚಯವಾದುದು ಅಂಡಮಾನಿನ ಶಹೀದ್ ದ್ವೀಪ. 2018ರವರೆಗೆ ಇದರ ಹೆಸರು ನೀಲ್ ಎಂದಿತ್ತು.

ಬೆಂಗಳೂರಿನಿಂದ ಶ್ರೀ ವಿಜಯ ಪುರಂಗೆ, ಅಂದರೆ 2024ರವರೆಗಿನ ಪೋರ್ಟ್ ಬ್ಲೇರ್‌ಗೆ, ವಿಮಾನ, ಅಲ್ಲಿಂದ ಹಡಗು. ಹದಿನಾಲ್ಕು ಚದರ ಕಿಲೋಮೀಟರಿಗೂ ಕಿರಿದಾದ ಈ ದ್ವೀಪದಲ್ಲಿ ಪೂರ್ವ ಬಂಗಾಳದಿಂದ ಬಂದು ನೆಲೆಸಿದ ಕುಟುಂಬಗಳವರು ಬೇಸಾಯ ಮಾಡುತ್ತಾರೆ. ಅಂಡಮಾನಿನ ತರಕಾರಿ ಕಣಜವೆಂದೇ ಇದು ಹೆಸರಾಗಿದೆ. ಆದ್ದರಿಂದ ಸಸ್ಯಾಹಾರಿಗಳಿಗೆ ಸೊಪ್ಪು ಕಾಯಿಪಲ್ಯಗಳ ಕೊರತೆಯಾಗದು. ಗೆಡ್ಡೆಗಳಿಲ್ಲದ ಅಡುಗೆ ಬೇಕೆಂಬುದನ್ನು ಮೊದಲೇ ತಿಳಿಸುವುದು ಒಳ್ಳೆಯದು. ಅಂಡಮಾನ್ ಬಹಳ ಪೂರ್ವದಲ್ಲಿದ್ದರೂ ಗಡಿಯಾರ ನಮ್ಮದೇ ಆಗಿರುವುದರಿಂದ ಡಿಸೆಂಬರಿನಲ್ಲಿ ಸಂಜೆ ಐದರ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ನಾವು ನಾಲ್ಕೂವರೆಗೆ ಊಟ ಮುಗಿಸುತ್ತಿದ್ದೆವು, ಏಳಕ್ಕೆ ಮೊಮ್ಮಗಳು ಮಲಗುತ್ತಿದ್ದಳು. ನಮ್ಮ ನಿಯಮವೂ ಮಗುವಿನ ದಿನಚರಿಯೂ ಇಷ್ಟು ಚೆನ್ನಾಗಿ ಹೊಂದಿಕೊಂಡುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮಗುವನ್ನು ಕರೆದೊಯ್ಯುವವರು ಕೆಲವು ಸಂಗತಿಗಳನ್ನು ಮರೆಯಬಾರದು. ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಕಾಲವೇ ಪ್ರಶಸ್ತ. ಭರತಪುರ ತೀರದಲ್ಲಿ ನೀರು ಆಳವಿಲ್ಲದೆ ಶಾಂತವಾಗಿರುತ್ತದೆ. ಆದರೆ ಇಳಿತದ ವೇಳೆ ನೀರು ದೂರ ಸರಿದು ಹವಳದ ಕಲ್ಲುಗಳು ಹೊರಬೀಳುವುದರಿಂದ ಎಳೆಯ ಪಾದಗಳಿಗೆ ಗಾಯವಾದೀತು. ಅಂಡಮಾನಿನ ಅಳಿವೆಗಳಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ಎಚ್ಚರಿಕೆಯ ಫಲಕಗಳನ್ನು ಕಡೆಗಣಿಸಲಾಗದು. ದ್ವೀಪದಲ್ಲಿರುವುದು ಪ್ರಾಥಮಿಕ ಆರೋಗ್ಯ ಕೇಂದ್ರ ಮಾತ್ರ, ದೊಡ್ಡ ಆಸ್ಪತ್ರೆ ಕಡಲಾಚೆಗಿದೆ. ಮಗುವಿನ ವೈದ್ಯರನ್ನು ಕೇಳಿ ಔಷಧಿಗಳನ್ನೂ ಸೊಳ್ಳೆಪರದೆಯನ್ನೂ ಜೊತೆಗೆ ಒಯ್ಯಬೇಕು.

ಇವೆಲ್ಲ ವ್ಯವಸ್ಥೆಯ ಮಾತಾಯಿತು. ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಬೇರೆ.

ಮೂರನೆಯ ದಿನ ಮೊಮ್ಮಗಳು ಒಂದು ಪುಟ್ಟ ಶಂಖವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬಿಡಲೊಲ್ಲೆನೆಂದಳು. ಸೊಸೆ ಬಿಡಿಸಲು ಹೋದಾಗ ರಂಪವಾಯಿತು. ಮಗ ನನ್ನತ್ತ ತಿರುಗಿ, "ಅಮ್ಮಾ, ಸಾವಿರಾರು ಬಿದ್ದಿವೆ. ಅವಳು ಒಂದನ್ನು ತೆಗೆದುಕೊಂಡರೆ ಏನಾದೀತು?" ಎಂದ. ಕಾನೂನಿನ ಉತ್ತರ ಸುಲಭವಾಗಿತ್ತು. ಅಲ್ಲಿಂದ ಚಿಪ್ಪುಗಳನ್ನು ಪರವಾನಗಿಯಿಲ್ಲದೆ ಹೊರಗೊಯ್ಯುವಂತಿಲ್ಲ. ಗಟ್ಟಿ ಹವಳಗಳಿಗಂತೂ 2001ರಿಂದ ವನ್ಯಜೀವಿ ಕಾಯಿದೆಯ ರಕ್ಷಣೆಯಿದೆ. ಆದರೆ ಎರಡು ವರ್ಷದ ಮಗುವಿಗೆ ಕಾಯಿದೆಯ ಮಾತೇನು ತಿಳಿದೀತು?

ಯಜಮಾನರು ಮರಳಿನ ಮೇಲೆ ಕುಳಿತು ಮಗುವಿನ ಅಂಗೈಯನ್ನು ತಮ್ಮ ಅಂಗೈಯ ಮೇಲಿರಿಸಿಕೊಂಡು, "ಸ್ವಲ್ಪ ಸುಮ್ಮನಿರೋಣ" ಎಂದರು. ತುಸು ಹೊತ್ತಿನಲ್ಲಿ ಶಂಖದ ಬಾಯಿಂದ ಸಣ್ಣ ಕಾಲುಗಳು ಹೊರಬಂದವು. ಮಗು ಬೆಚ್ಚಿ ಅದನ್ನು ಮರಳಿಗೆ ಬಿಟ್ಟಿತು. ಅದು ಸನ್ಯಾಸಿ ಏಡಿ. ಅದರ ಹೊಟ್ಟೆಯ ಭಾಗಕ್ಕೆ ಗಟ್ಟಿಯಾದ ಕವಚವಿಲ್ಲ. ಬೇರೊಂದು ಜೀವಿ ಬಿಟ್ಟುಹೋದ ಚಿಪ್ಪಿನಲ್ಲಿ ಮೈಯಡಗಿಸಿಕೊಂಡು ಬಾಳುತ್ತದೆ, ಬೆಳೆದಂತೆ ಇನ್ನೂ ದೊಡ್ಡ ಚಿಪ್ಪನ್ನು ಅರಸುತ್ತದೆ. ಎಂದರೆ ಬರಿದಾಗಿ ಬಿದ್ದ ಶಂಖವೂ ಮುಂದೆ ಯಾವುದೋ ಜೀವಿಯ ಮನೆಯಾಗಬಹುದು. ಮರುದಿನ ಮಗು ಮತ್ತೊಂದನ್ನು ಎತ್ತಿಕೊಂಡಿತು. ನಾವು ಮತ್ತೆ ಕುಳಿತು ಕಾದೆವು. ಮಕ್ಕಳ ಶಿಕ್ಷಣ ಒಂದೇ ದಿನದಲ್ಲಿ ಆಗುವುದಲ್ಲ.

ನಿಷ್ಪ್ರಯೋಜಕವಾದ ಹಿಂಸೆಯನ್ನು ನಮ್ಮ ಹಿರಿಯರು ಅನರ್ಥದಂಡವೆಂದು ಕರೆದು ಶ್ರಾವಕರಿಗೆ ಅದರಿಂದ ವಿರತಿಯನ್ನು ವಿಧಿಸಿದರು. ಕಪಾಟಿನಲ್ಲಿ ಧೂಳು ತಿನ್ನಲೆಂದು ತರುವ ಚಿಪ್ಪಿಗಿಂತ ಇದಕ್ಕೆ ಸ್ಪಷ್ಟವಾದ ಉದಾಹರಣೆ ಬೇಕೆ? ಹವಳವನ್ನು ಕಲ್ಲೆಂದು ತಿಳಿದು ತುಳಿಯುವವರಿದ್ದಾರೆ. ಅದು ಕಲ್ಲಲ್ಲ, ಅಸಂಖ್ಯಾತ ಕಿರುಜೀವಿಗಳ ವಸತಿ. 2010ರ ಬೇಸಿಗೆಯಲ್ಲಿ ಕಡಲು ಕಾದು ಅಂಡಮಾನಿನ ಹವಳದ ದಿಬ್ಬಗಳು ವ್ಯಾಪಕವಾಗಿ ಬಿಳಿಚಿಕೊಂಡವು. ಕಡಲನ್ನು ಕಾಯಿಸುವ ಹೊಗೆಯಲ್ಲಿ ವಿಮಾನದ ಹೊಗೆಯೂ ಸೇರಿದೆ, ನಾವು ಏರಿದ ವಿಮಾನದ್ದೂ ಸೇರಿದೆ. ಈ ವಿಷಯ ಮನೆಯಲ್ಲಿ ಚರ್ಚೆಗೆ ಬಂದಾಗ ಮಗನೇ ಒಂದು ಮಿತಿಯನ್ನು ಸೂಚಿಸಿದ: ಇಂತಹ ದೂರದ ಪ್ರಯಾಣ ಐದು ವರ್ಷಗಳಿಗೊಮ್ಮೆ ಸಾಕು, ಉಳಿದ ವರ್ಷಗಳಲ್ಲಿ ರೈಲು ತಲಪುವ ನಮ್ಮ ಕರಾವಳಿಯೇ ಇದೆ. ಭೋಗೋಪಭೋಗ ಪರಿಮಾಣವೆಂಬ ವ್ರತದ ಹೆಸರನ್ನು ಆತ ಎತ್ತಲಿಲ್ಲ, ಆದರೆ ಆಡಿದ ಮಾತು ಅದೇ ಆಗಿತ್ತು.

ಈ ಪ್ರವಾಸದ ನೆನಪು ಮಗುವಿಗೆ ಉಳಿಯದು. ಹಾಗಿದ್ದ ಮೇಲೆ ಇಷ್ಟು ಖರ್ಚೇಕೆ ಎಂದು ಬಂಧುಗಳು ಕೇಳಿದರು. ನೆನಪು ಉಳಿಯದಿರಬಹುದು. ಆದರೆ ಸುಂದರವಾದ ವಸ್ತುವನ್ನು ಕಂಡೊಡನೆ ಅದನ್ನು ತನ್ನದಾಗಿಸಿಕೊಳ್ಳುವುದೋ, ಕುಳಿತು ನೋಡುವುದೋ ಎಂಬ ಅಭ್ಯಾಸ ಬೇರೂರುವುದು ಈ ವಯಸ್ಸಿನಲ್ಲಿಯೇ. ಪ್ರವಾಸಕ್ಕೆ ಸ್ಥಳವನ್ನು ಆರಿಸುವ ತಂದೆತಾಯಿಗಳು ಅಲ್ಲಿನ ಕೋಣೆಯ ಸೌಕರ್ಯಗಳೊಂದಿಗೆ ಇದನ್ನೂ ವಿಚಾರಿಸಲಿ: ಅಲ್ಲಿ ನಮ್ಮ ಮಗು ಏನನ್ನು ಮುಟ್ಟದೆ ಬಿಡಲು ಕಲಿಯಬಹುದು? ನಮ್ಮ ಪೆಟ್ಟಿಗೆಯಲ್ಲಿ ಆ ದ್ವೀಪದಿಂದ ಬಂದುದು, ಎಷ್ಟು ಕೊಡವಿದರೂ ಹೋಗದ ಒಂದು ಚಿಟಿಕೆ ಮರಳು ಮಾತ್ರ.