ಮೈದಾನದಿಂದ ನ್ಯಾಯಪೀಠಕ್ಕೆ

ಅಮೆರಿಕದ ಒಹಾಯೊ ರಾಜ್ಯದಲ್ಲಿ ಕ್ಯಾಂಟನ್ ಎಂಬ ಊರಿದೆ. ಉಕ್ಕಿನ ಕಾರ್ಖಾನೆಗಳ ಊರು. 1960ರ ದಶಕದ ಆರಂಭದಲ್ಲಿ ಅಲ್ಲಿ ಹೆಸರಾಂತ ಫುಟ್‌ಬಾಲ್ ಆಟಗಾರರ ಗೌರವಾರ್ಥ ‘ಹಾಲ್ ಆಫ್ ಫೇಮ್’ ಎಂಬ ಭವನ ಕಟ್ಟುತ್ತಿದ್ದರು. ಹೈಸ್ಕೂಲು ಓದುತ್ತಿದ್ದ ಒಬ್ಬ ಕಪ್ಪು ಹುಡುಗ ಆ ಕಟ್ಟಡದಲ್ಲಿ ಕೂಲಿ ಕೆಲಸ ಮಾಡಿದ. ಭವನದ ಬಾಗಿಲು ತೆರೆದದ್ದು 1963ರಲ್ಲಿ. ಅದಾಗಿ 25 ವರ್ಷಕ್ಕೆ ಅದೇ ಭವನದೊಳಗೆ ಅವನ ಹೆಸರೂ ಸೇರಿತು. ಅವನೇ ಅಲನ್ ಪೇಜ್.

ಅಮೆರಿಕದವರ ಫುಟ್‌ಬಾಲ್ ಕಾಲಿನಿಂದ ಒದೆಯುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಯ ಕೋಟೆಗೆ ನುಗ್ಗುವ ಆಟ. ಹೀಗೆ ನುಗ್ಗುವವರಿಗೇ ಹೆಸರು, ಅವರದೇ ಚಿತ್ರ ಪತ್ರಿಕೆಗಳಲ್ಲಿ. ತಡೆಯುವವರನ್ನು ಕೇಳುವವರು ಕಡಿಮೆ. ಮಿನ್ನೆಸೋಟ ವೈಕಿಂಗ್ಸ್ ತಂಡದ ಪೇಜ್ ತಡೆಯುವ ಸಾಲಿನವರು. 1971ರಲ್ಲಿ ಅವರು ಇಡೀ ಲೀಗಿನ ಅತ್ಯುತ್ತಮ ಆಟಗಾರರೆಂದು ಆಯ್ಕೆಯಾದಾಗ ಜನ ಬೆರಗಾದರು. ರಕ್ಷಣಾ ಆಟಗಾರನೊಬ್ಬನಿಗೆ ಆ ಗೌರವ ಸಂದದ್ದು ಅದೇ ಮೊದಲು.

ಆದರೆ ಹುಡುಗನಾಗಿದ್ದಾಗ ಪೇಜ್ ಕಂಡಿದ್ದ ಕನಸು ವಕೀಲನಾಗುವುದು. ಆಟಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಕಾನೂನು ಕಾಲೇಜಿಗೆ ಸೇರಿ, ಕೆಲವೇ ವಾರಗಳಲ್ಲಿ ಬಿಟ್ಟುಬಂದರು. ಸೋತು ಬಂದವರು ಮತ್ತೆ ಹೋಗುವುದು ಸುಲಭವಲ್ಲ, ಅದೂ ಕೈತುಂಬ ಸಂಪಾದನೆ ಇರುವಾಗ. ಪೇಜ್ ಹೋದರು. ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಓದಿ 1978ರಲ್ಲಿ ಪದವಿ ಪಡೆದರು.

ಅದೇ ವರ್ಷ ತಂಡ ಅವರನ್ನು ಕೈಬಿಟ್ಟಿತು. ಹೆಂಡತಿ ಡಯಾನ್ ಜೊತೆ ದೂರದ ಓಟ ಓಡುವ ಗೀಳು ಅವರಿಗೆ ಹತ್ತಿತ್ತು. ಮೈ ಇಳಿದಿತ್ತು, ಈ ಆಟಕ್ಕೆ ಇಷ್ಟು ತೂಕ ಸಾಲದು ಎಂಬುದು ತಂಡದವರ ವಾದ. ನಿಯಮದ ಪ್ರಕಾರ ಕೇವಲ 100 ಡಾಲರ್ ಶುಲ್ಕ ಕೊಟ್ಟು ಷಿಕಾಗೊ ಬೇರ್ಸ್ ತಂಡ ಅವರನ್ನು ಕರೆದುಕೊಂಡಿತು. ‘ಸೊರಗಿದ’ ಈ ಆಟಗಾರ ಅಲ್ಲಿ 1981ರವರೆಗೆ ಆಡಿದರು. 15 ವರ್ಷಗಳಲ್ಲಿ ಒಂದೇ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ!

ವೈಕಿಂಗ್ಸ್ ದಿನಗಳ ಒಂದು ಪ್ರಸಂಗ ಅವರ ಮನಸ್ಸಿನಿಂದ ಮಾಸಲೇ ಇಲ್ಲ. ಆಟದ ತಂತ್ರಗಳನ್ನು ಬರೆದ ಪುಸ್ತಕವನ್ನು ಒಬ್ಬೊಬ್ಬರಾಗಿ ಗಟ್ಟಿಯಾಗಿ ಓದುವಂತೆ ತರಬೇತುದಾರರು ಹೇಳಿದರು. ಕೆಲವರು ಸರಾಗವಾಗಿ ಓದಿದರು, ಕೆಲವರು ತಡವರಿಸಿದರು. ಕೆಲವರಿಗಂತೂ ಓದಲು ಬರುತ್ತಲೇ ಇರಲಿಲ್ಲ. ಇವರೆಲ್ಲ ಶಾಲೆ, ಕಾಲೇಜು ದಾಟಿ ಬಂದವರು. ಚೆನ್ನಾಗಿ ಆಡುತ್ತಾನಲ್ಲ ಎಂದು ಮೇಷ್ಟರುಗಳು ತರಗತಿಯಿಂದ ತರಗತಿಗೆ ದಾಟಿಸಿದ್ದರು. ಅದು ಉಪಕಾರವೋ ದ್ರೋಹವೋ? ಪೇಜ್ ಅವರಿಗೆ ಸಂಶಯವಿರಲಿಲ್ಲ.

1988ರ ಸಮಾರಂಭದಲ್ಲಿ ತಮ್ಮನ್ನು ಸಭೆಗೆ ಪರಿಚಯಿಸಲು ಅವರು ಕರೆದದ್ದು ಹಳೆಯ ತರಬೇತುದಾರರನ್ನಲ್ಲ, ಶಾಲೆಯೊಂದರ ಪ್ರಾಂಶುಪಾಲೆಯನ್ನು. ಭಾಷಣದಲ್ಲಿ ಆಟಕ್ಕಿಂತ ಓದಿನ ಮಾತೇ ಹೆಚ್ಚು. ಅದೇ ವರ್ಷ ದಂಪತಿ ವಿದ್ಯಾರ್ಥಿವೇತನದ ಪ್ರತಿಷ್ಠಾನ ಆರಂಭಿಸಿದರು. ಅದರಲ್ಲೊಂದು ಕರಾರಿದೆ: ಹಣ ಪಡೆದವರು ಚಿಕ್ಕ ಮಕ್ಕಳ ಓದಿಗೆ ನೆರವಾಗಬೇಕು. ಚೆಕ್ ಕೊಟ್ಟು ಫೋಟೊ ತೆಗೆಸಿಕೊಳ್ಳುವ ದಾನಿಗಳಿಗೆ ಇದು ಹೊಳೆಯುವ ಮಾತಲ್ಲ.

1992ರಲ್ಲಿ ಮಿನ್ನೆಸೋಟ ಸುಪ್ರೀಂ ಕೋರ್ಟಿನ ಸ್ಥಾನಕ್ಕೆ ಸ್ಪರ್ಧಿಸಲು ಹೊರಟರು. ಅಲ್ಲಿ ನ್ಯಾಯಮೂರ್ತಿಗಳನ್ನೂ ಜನರೇ ಚುನಾಯಿಸುತ್ತಾರೆ. ಗವರ್ನರು ಹಾಲಿ ನ್ಯಾಯಮೂರ್ತಿಯ ಅವಧಿ ವಿಸ್ತರಿಸಿದ್ದರಿಂದ ಚುನಾವಣೆಯೇ ಇಲ್ಲದಂತಾಯಿತು. ಪೇಜ್ ದಾವೆ ಹೂಡಿ ಗೆದ್ದರು, ಚುನಾವಣೆಯನ್ನೂ ಗೆದ್ದರು. ಆ ಪೀಠವೇರಿದ ಮೊದಲ ಆಫ್ರಿಕನ್ ಅಮೆರಿಕನ್ ಅವರೇ. 70 ತುಂಬಿದಾಗ, 2015ರಲ್ಲಿ ನಿವೃತ್ತರಾದರು. 2017ರಲ್ಲಿ ಮಿನಿಯಾಪೊಲಿಸ್‌ನ ಮಾಧ್ಯಮಿಕ ಶಾಲೆಯೊಂದಕ್ಕೆ ಅವರ ಹೆಸರಿಟ್ಟರು.

ಶಾಲೆಗಳಿಗೆ ಹೋದಾಗ ಮಕ್ಕಳು ನೋಡುವುದು ಅವರ ಕಿರುಬೆರಳನ್ನು. ಆಟದಲ್ಲಿ ಕೀಲು ತಪ್ಪಿದ ಆ ಬೆರಳು ಉಳಿದವನ್ನು ಬಿಟ್ಟು ಅಡ್ಡಕ್ಕೆ ಚಾಚಿಕೊಂಡಿದೆ. ಏನಾಯಿತು, ನೋಯುತ್ತದೆಯೇ ಎಂದು ಮಕ್ಕಳು ಕೇಳುತ್ತಾರೆ. ಪೇಜ್ ಮತ್ತು ಶಿಕ್ಷಕಿಯಾದ ಅವರ ಮಗಳು ಕೇಮಿ ಸೇರಿ 2013ರಲ್ಲಿ ಆ ಬೆರಳಿನದೇ ಒಂದು ಕತೆ ಪುಸ್ತಕ ತಂದರು, ಮಕ್ಕಳು ಓದಲೆಂದು.