ಮಂದಗತಿಯ ನ್ಯೂಟ್ರಾನ್

ರಭಸದಿಂದ ಬರುವ ಚೆಂಡಿಗಿಂತ ಮೆಲ್ಲನೆ ಉರುಳಿ ಬರುವ ಚೆಂಡನ್ನು ಹಿಡಿಯುವುದು ಸುಲಭವೆಂಬುದನ್ನು ಆಟದ ಬಯಲಿನ ಮಕ್ಕಳೂ ಬಲ್ಲರು. ಪರಮಾಣುವಿನ ಬೀಜಕೇಂದ್ರವನ್ನು ಹೊಗಲೆತ್ನಿಸಿದ ವಿಜ್ಞಾನಿಗಳ ಎಣಿಕೆ ಮಾತ್ರ ಇದಕ್ಕೆ ವಿರುದ್ಧವಾಗಿತ್ತು. ಕಣದ ವೇಗ ಹೆಚ್ಚಿದಷ್ಟೂ ಫಲ ಹೆಚ್ಚೆಂದು ಅವರು ಭಾವಿಸಿದ್ದರು. ಧನ ವಿದ್ಯುದಾವೇಶವುಳ್ಳ ಕಣಗಳ ಮಟ್ಟಿಗೆ ಅದು ನಿಜವೂ ಹೌದು. ಬೀಜಕೇಂದ್ರ ಅವನ್ನು ಹಿಂದಕ್ಕೆ ತಳ್ಳುತ್ತದೆ. 1932ರಲ್ಲಿ ಜೇಮ್ಸ್ ಚಾಡ್ವಿಕ್ ಕಂಡುಹಿಡಿದ ನ್ಯೂಟ್ರಾನಿಗೆ ಅಂಥ ಆವೇಶವೇ ಇಲ್ಲ.

1934ರಲ್ಲಿ ರೋಮ್ ನಗರದ ಎನ್ರಿಕೊ ಫರ್ಮಿ ಮತ್ತು ಅವರ ತರುಣ ಸಂಗಡಿಗರು ಒಂದೊಂದೇ ಮೂಲವಸ್ತುವನ್ನು ನ್ಯೂಟ್ರಾನುಗಳಿಗೆ ಒಡ್ಡಿ ಪರೀಕ್ಷಿಸತೊಡಗಿದರು. ರೇಡಾನ್ ಅನಿಲವನ್ನೂ ಬೆರಿಲಿಯಂ ಪುಡಿಯನ್ನೂ ತುಂಬಿದ ಪುಟ್ಟ ಗಾಜಿನ ಕೊಳವೆಯೇ ಅವರ ನ್ಯೂಟ್ರಾನ್ ಆಕರ. ಆ ಕೊಳವೆ ಹತ್ತಿರವಿದ್ದರೆ ವಿಕಿರಣವನ್ನು ಎಣಿಸುವ ಯಂತ್ರ ಕೆಡುತ್ತಿದ್ದುದರಿಂದ ಯಂತ್ರವನ್ನು ಮೊಗಸಾಲೆಯ ಆಚೆ ತುದಿಯಲ್ಲಿಟ್ಟಿದ್ದರು. ಕೆಲವು ವಸ್ತುಗಳ ವಿಕಿರಣಶೀಲತೆ ಕ್ಷಣಗಳಲ್ಲಿ ಅಡಗಿಹೋಗುವಂಥದು. ಆದ್ದರಿಂದ ಫರ್ಮಿ ಮತ್ತು ಎಡೊಆರ್ಡೊ ಅಮಾಲ್ಡಿ ವಸ್ತುವನ್ನು ಕೈಯಲ್ಲಿ ಹಿಡಿದು ಒಬ್ಬರನ್ನೊಬ್ಬರು ಮೀರಿಸುವಂತೆ ಓಡುತ್ತಿದ್ದರು. ಪ್ರಾಧ್ಯಾಪಕರು ಹೀಗೆ ಓಡುವುದನ್ನು ಕಂಡವರಿಗೆ ಏನೆನಿಸಿತ್ತೋ!

ಆ ವರ್ಷದ ಅಕ್ಟೋಬರಿನಲ್ಲಿ ಒಂದು ವಿಚಿತ್ರ ಕಂಡುಬಂತು. ಮರದ ಮೇಜಿನ ಮೇಲಿಟ್ಟ ಬೆಳ್ಳಿ, ಅಮೃತಶಿಲೆಯ ಮೇಜಿನ ಮೇಲಿಟ್ಟ ಬೆಳ್ಳಿಗಿಂತ ಹೆಚ್ಚು ವಿಕಿರಣಶೀಲವಾಗುತ್ತಿತ್ತು. ಅಳತೆಯ ದೋಷವೆಂದು ತಳ್ಳಿಹಾಕಲು ಅವಕಾಶವಿತ್ತು. ಅವರು ಹಾಗೆ ಮಾಡಲಿಲ್ಲ. ಆಕರಕ್ಕೂ ಬೆಳ್ಳಿಗೂ ನಡುವೆ ಸೀಸದ ತುಂಡನ್ನಿಡಲು ಫರ್ಮಿ ಸಿದ್ಧತೆ ನಡೆಸಿದ್ದರು. 22ರ ಬೆಳಿಗ್ಗೆ, ಕಾರಣ ತಮಗೇ ತಿಳಿಯದೆ, ಸೀಸವನ್ನು ಬಿಟ್ಟು ಪ್ಯಾರಾಫಿನ್ ಮೇಣದ ತುಂಡನ್ನಿಟ್ಟರು. ಮುಂದೆ ಈ ಸಂಗತಿಯನ್ನು ಅವರೇ ಸುಬ್ರಹ್ಮಣ್ಯನ್ ಚಂದ್ರಶೇಖರರಿಗೆ ತಿಳಿಸಿದರು. ಮೇಣ ಅಡ್ಡ ಬಂದೊಡನೆ ಬೆಳ್ಳಿಯ ವಿಕಿರಣಶೀಲತೆ ಹಲವು ಪಟ್ಟು ಏರಿತು.

ಊಟ ಮುಗಿಸಿ ಬರುವಷ್ಟರಲ್ಲಿ ಫರ್ಮಿಯವರಿಗೆ ಕಾರಣ ಹೊಳೆದಿತ್ತು. ಗೋಲಿಯೊಂದು ಬಂಡೆಗೆ ಬಡಿದರೆ ಹೆಚ್ಚು ಕಡಿಮೆ ಅದೇ ವೇಗದಿಂದ ಹಿಂದಿರುಗುತ್ತದೆ. ಮತ್ತೊಂದು ಗೋಲಿಗೆ ಬಡಿದರೆ ತನ್ನ ವೇಗವನ್ನು ಅದಕ್ಕೆ ಕೊಟ್ಟು ತಾನು ನಿಲ್ಲುತ್ತದೆ. ಮೇಣದಲ್ಲಿಯೂ ಮರದಲ್ಲಿಯೂ ಇರುವ ಹೈಡ್ರೊಜನ್ನಿನ ಬೀಜಕೇಂದ್ರ ನ್ಯೂಟ್ರಾನಿನಷ್ಟೇ ತೂಕದ ಗೋಲಿ. ಅದಕ್ಕೆ ಬಡಿದು ಬಡಿದು ನಿಧಾನಗೊಂಡ ನ್ಯೂಟ್ರಾನ್ ಬೆಳ್ಳಿಯ ಬಳಿ ಹೆಚ್ಚು ಹೊತ್ತು ಸುಳಿದು, ಸುಲಭವಾಗಿ ಸೆರೆಸಿಕ್ಕುತ್ತದೆ. ಹಾಗಾದರೆ ನೀರೂ ಇದೇ ಕೆಲಸ ಮಾಡಬೇಕಷ್ಟೆ! ಸಂಸ್ಥೆಯ ಹಿಂದಿನ ತೋಟದ ಕೊಳದಲ್ಲಿ ಆಕರವನ್ನೂ ಬೆಳ್ಳಿಯನ್ನೂ ಮುಳುಗಿಸಿ ನೋಡಿದರು. ನೀರು ಮಾತು ತಪ್ಪಲಿಲ್ಲ.

ಆದರೆ ‘ನಿಧಾನ’ ಎಂದರೆ ಎಷ್ಟು? 1935ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಜಾನ್ ಡನ್ನಿಂಗ್ ಮತ್ತು ಸಂಗಡಿಗರು ಕ್ಯಾಡ್ಮಿಯಂ ಪಟ್ಟಿಗಳಿದ್ದ ತಿರುಗುವ ತಟ್ಟೆಗಳನ್ನು ಬಳಸಿ ವೇಗವನ್ನು ಆರಿಸಿದರು. ಕ್ಯಾಡ್ಮಿಯಂ ಮಂದ ನ್ಯೂಟ್ರಾನುಗಳನ್ನು ನುಂಗುವ ಲೋಹ. ತಕ್ಕ ವೇಗದವು ಮಾತ್ರ ತಟ್ಟೆಗಳ ಸಂದುಗಳಲ್ಲಿ ತೂರಿ ಪಾರಾಗುತ್ತಿದ್ದವು. ಇಂದಿನ ಕ್ರಮ ಇನ್ನೂ ಸರಳ: ದೂರವನ್ನು ಕಾಲದಿಂದ ಭಾಗಿಸುವುದು. ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ 2001ರಿಂದ ನ್ಯೂಟ್ರಾನುಗಳನ್ನು 185 ಮೀಟರ್ ಓಡಿಸಿ ಅಳೆಯುತ್ತಾರೆ. ಸೆಕೆಂಡಿಗೆ 2200 ಮೀಟರ್ ವೇಗದ ಮಂದ ನ್ಯೂಟ್ರಾನಿಗೆ ಈ ದಾರಿ ಸವೆಸಲು ಸೆಕೆಂಡಿನ ಹನ್ನೆರಡನೆಯ ಒಂದು ಪಾಲು ಬೇಕು. ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯುಳ್ಳದ್ದಕ್ಕೆ ಸೆಕೆಂಡಿನ ಹತ್ತು ಲಕ್ಷದ ಹದಿಮೂರು ಪಾಲು ಸಾಕು.

ಬೀಜಕೇಂದ್ರ ನ್ಯೂಟ್ರಾನಿಗೆ ಎಷ್ಟು ದೊಡ್ಡ ಗುರಿಯಾಗಿ ತೋರುತ್ತದೆಂಬುದನ್ನು ಅಳೆಯುವ ಮಾನಕ್ಕೆ ‘ಬಾರ್ನ್’ ಎಂದು ಹೆಸರು. ಬಾರ್ನ್ ಎಂದರೆ ಹುಲ್ಲು ತುಂಬುವ ಕೊಟ್ಟಿಗೆ. 1942ರಲ್ಲಿ ಅಮೆರಿಕದ ವಿಜ್ಞಾನಿಗಳು ವಿನೋದಕ್ಕಾಗಿ ಇಟ್ಟ ಹೆಸರು. ಯುರೇನಿಯಂ 235ರ ವಿದಳನಕ್ಕೆ ವೇಗದ ನ್ಯೂಟ್ರಾನ್ ಕಾಣುವ ಗುರಿ ಒಂದು ಬಾರ್ನಿಗಿಂತ ತುಸು ಹೆಚ್ಚು. ಮಂದ ನ್ಯೂಟ್ರಾನ್ ಕಾಣುವುದು ಸುಮಾರು 580 ಬಾರ್ನ್. ಎಲ್ಲ ಬೀಜಕೇಂದ್ರಗಳೂ ಇಷ್ಟು ಕ್ರಮಬದ್ಧವಲ್ಲ. ಯುರೇನಿಯಂ 238, ಸುಮಾರು 6.7 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ನ್ಯೂಟ್ರಾನ್ ಬಂದರೆ ಹಸಿದವರಂತೆ ಕಬಳಿಸುತ್ತದೆ. ಶಕ್ತಿ ತುಸು ಬದಲಾದರೆ ಅದರ ಆಸಕ್ತಿ ಕುಗ್ಗುತ್ತದೆ. ಸಹಜ ಯುರೇನಿಯಂನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲಿಗೂ ಹೆಚ್ಚು ಇರುವುದು ಈ 238ನೆಯದೇ. ಅದರ ಕಣ್ಣು ತಪ್ಪಿಸಿ ನ್ಯೂಟ್ರಾನನ್ನು ನಿಧಾನಗೊಳಿಸಬೇಕು. ಸಾಮಾನ್ಯ ನೀರಾದರೋ ತಾನೇ ಕೆಲವನ್ನು ನುಂಗುತ್ತದೆ. ಭಾರಜಲ ನುಂಗುವುದು ಅತ್ಯಲ್ಪ. ಆದುದರಿಂದಲೇ ಸಹಜ ಯುರೇನಿಯಂ ಉರುವಲಾಗಿರುವ ಉತ್ತರ ಕನ್ನಡದ ಕೈಗಾ ಸ್ಥಾವರದಲ್ಲಿ ನ್ಯೂಟ್ರಾನುಗಳ ಓಟವನ್ನು ತಗ್ಗಿಸಲು ಭಾರಜಲವನ್ನು ತುಂಬಿದ್ದಾರೆ.