ನಮ್ಮ ಮನೆಯ ಒಲೆ

ವಿಜ್ಞಾನವೆಂದೊಡನೆ ನಮ್ಮ ದೃಷ್ಟಿ ಆಕಾಶದ ಕಡೆಗೆ ಹೋಗುವುದು ಸಹಜ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿದಾಗ ನಮ್ಮ ತ್ಯಾವಣಿಗೆಯ ಚಹದಂಗಡಿಯಲ್ಲಿಯೂ ಚಪ್ಪಾಳೆ ಬಿದ್ದಿತು. ಅದು ಸಂತೋಷಪಡತಕ್ಕ ಸಂಗತಿಯೇ ಸರಿ. ಆದರೆ ಅದೇ ಸಂಜೆ ಅದೇ ಊರಿನ ಎಷ್ಟೋ ಮನೆಗಳಲ್ಲಿ ಹೆಂಗಸರು ಊದುಗೊಳವೆ ಹಿಡಿದು, ಹೊಗೆಯೊಳಗೆ ಕಣ್ಣುಜ್ಜಿಕೊಳ್ಳುತ್ತ ಕುಳಿತಿದ್ದರು. ಕಲಾವಿಭಾಗದ ವಿದ್ಯಾರ್ಥಿನಿಯಾದ ನಾನು ತಂತ್ರಜ್ಞಾನವನ್ನು ಕುರಿತು ಬರೆಯಹೊರಟಿರುವುದಕ್ಕೆ ಇದೇ ಕಾರಣ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅವ್ವನ ಆಯುಷ್ಯವೆಲ್ಲ ಒಲೆಯ ಮುಂದೆ ಕಳೆದಿದೆ. ಮನೆಗೆ ಗ್ಯಾಸು ಬಂದಿದೆ, ನಿಜ. ಚಹ, ಸಾರು ಅದರ ಮೇಲೆ ಆಗುತ್ತವೆ. ಸಿಲಿಂಡರು ಬೇಗ ಮುಗಿಯಬಾರದೆಂದು ರೊಟ್ಟಿಯೂ ಸ್ನಾನದ ನೀರೂ ಇಂದಿಗೂ ಸೌದೆಯ ಪಾಲಿಗೆ ಉಳಿದಿವೆ. ಚಳಿಗಾಲದ ಬೆಳಗಿನಲ್ಲಿ ಅವ್ವನ ಕೆಮ್ಮಿನಿಂದಲೇ ನಮಗೆ ಎಚ್ಚರ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಈ ಅಂಕಿ ಓದಿದ ದಿನ ನನಗೆ ಊಟ ರುಚಿಸಲಿಲ್ಲ.

ಈ ಹೊಗೆಗೆ ಮದ್ದು ಹುಡುಕಿದವರು ನಮ್ಮ ನಾಡಿನಲ್ಲಿಯೇ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 'ಅಸ್ತ್ರ' ಎಂಬ ಕೇಂದ್ರ ಹುಟ್ಟಿತು. ಹಳ್ಳಿಯ ಬಾಳಿಗೆ ಬೇಕಾದ ವಿಜ್ಞಾನವೇ ಅದರ ಗುರಿ. ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಅದರ ಗ್ರಾಮೀಣ ಶಾಖೆಯಿತ್ತು. ಅಲ್ಲಿಯವರು ರೂಪಿಸಿದ್ದೇ 'ಅಸ್ತ್ರ ಒಲೆ'. ಅದಕ್ಕೆ ಬೇಕಾದದ್ದು ಹೆಚ್ಚಾಗಿ ಮಣ್ಣೇ. ಸೌದೆ ಜಾಲರಿಯ ಮೇಲೆ ಉರಿಯುತ್ತದೆ. ಗಾಳಿ ಕೆಳಗಿನಿಂದ ಬರುತ್ತದೆ. ಬಿಸಿ ಮೊದಲನೆಯ ಪಾತ್ರೆಯ ತಳ ಮುಟ್ಟಿ, ಎರಡನೆಯದನ್ನೂ ಮೂರನೆಯದನ್ನೂ ಕಾಯಿಸಿ, ಕೊನೆಗೆ ಹೊಗೆ ಕೊಳವೆಯಿಂದ ಮಾಡಿನ ಹೊರಗೆ ಹೋಗುತ್ತದೆ. ಹಳೆಯ ಒಲೆಯಲ್ಲಿ ಸೌದೆಯ ಶಾಖ ಬಹುಪಾಲು ಗಾಳಿಗೆ ಹೋಗುತ್ತಿತ್ತು. ಇದರಲ್ಲಿ ಶೇಕಡ 40ರಷ್ಟು ಪಾತ್ರೆಗೆ ದಕ್ಕಿತೆಂದು ಪ್ರಯೋಗಶಾಲೆಯಲ್ಲಿ ಕಂಡುಬಂದಿತು.

ಕೇಂದ್ರ ಸರ್ಕಾರವೂ 1983ರಲ್ಲಿ ಸುಧಾರಿತ ಒಲೆಗಳ ಯೋಜನೆಯನ್ನು ಆರಂಭಿಸಿತು. 2002ರಲ್ಲಿ ಅದು ಮುಗಿಯುವ ಹೊತ್ತಿಗೆ ದೇಶದಲ್ಲಿ ಮೂರು ಕೋಟಿಗೂ ಮೇಲೆ ಒಲೆಗಳು ಎದ್ದಿದ್ದವು. ಅವುಗಳಲ್ಲಿ ಎಷ್ಟೋ ಒಲೆಗಳು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು.

ನಮ್ಮ ಅಜ್ಜಿಯ ಮನೆಯಲ್ಲಿಯೂ ಆ ಕಾಲದಲ್ಲಿ ಹೊಗೆಯಿಲ್ಲದ ಒಲೆಯೊಂದನ್ನು ಯಾರೋ ಕಟ್ಟಿಕೊಟ್ಟು ಹೋಗಿದ್ದರು. ಈಗ ಉಳಿದಿರುವುದು ಅದರ ಕೊಳವೆ ಮಾತ್ರ. ಏಕೆ ಒಡೆದಿರಿ ಎಂದು ಕೇಳಿದೆನು. ಅಜ್ಜಿ ಹೇಳಿದ್ದು ಇಷ್ಟು: "ಒಲಿ ಚೊಲೋನೇ ಇತ್ತವ್ವ. ಆದ್ರ ರೊಟ್ಟಿ ಕೆಂಡಕ್ಕೆ ಹಿಡಿಯೋಕೆ ಜಾಗಾನೇ ಇರ್ಲಿಲ್ಲ. ನನ್ನ ಹಂಡೆ ಆ ತೂತಿಗೆ ಕೂರ್ತಿರ್ಲಿಲ್ಲ. ಸೌದಿ ಗೇಣುದ್ದ ಸೀಳ್ಬೇಕಂತ, ಯಾರು ಸೀಳ್ತಾರೆ?" ಕೊಳವೆಯ ಮಸಿ ತೆಗೆಯಬೇಕೆಂಬುದನ್ನು ಅವರಿಗೆ ಯಾರೂ ತಿಳಿಸಿರಲಿಲ್ಲ.

ಅಜ್ಜಿಗೆ ಓದುಬರಹವಿಲ್ಲ. ಆದರೂ ಆ ಮೂರು ಮಾತುಗಳಲ್ಲಿ ಯಾವ ಎಂಜಿನಿಯರಾದರೂ ಬರೆದುಕೊಳ್ಳಬೇಕಾದ ವಿಷಯವಿತ್ತು. ಒಲೆಯ ಶಾಸ್ತ್ರ ಸುಳ್ಳಲ್ಲ. ಅಜ್ಜಿಯ ಹಟವೂ ಸುಳ್ಳಲ್ಲ. ಕಟ್ಟಿದವರು ಮತ್ತೊಮ್ಮೆ ಬಂದು "ಹೇಗಿದೆಯಮ್ಮಾ?" ಎಂದು ಕೇಳಿದ್ದರೆ ರೊಟ್ಟಿಗೊಂದು ಬಾಯಿ, ಹಂಡೆಗೊಂದು ಅಳತೆ ಸಿಕ್ಕುತ್ತಿತ್ತು. ಅವ್ವನ ಪಾಲಿಗೆ ಇಷ್ಟು ಕೆಮ್ಮೂ ಬರುತ್ತಿರಲಿಲ್ಲವೇನೋ.

ಈ ಮಾತು ಒಲೆಗೆ ಮಾತ್ರ ಸಲ್ಲುವುದಿಲ್ಲ. ನಮ್ಮ ಚನ್ನಗಿರಿ ಸೀಮೆ ಅಡಕೆಯ ಸೀಮೆ. ಕೊಯ್ಲಿನ ಕಾಲದಲ್ಲಿ ಅಡಕೆ ಬೇಯಿಸುವ ಹಂಡೆಗಳ ಕೆಳಗೆ ಉರಿಯುವ ಸೌದೆಗೆ ಲೆಕ್ಕವಿಲ್ಲ. ನಾಳೆ ಅಲ್ಲಿಗೂ ಹೊಸ ಒಲೆ, ಬಿಸಿಲಿನ ಡ್ರೈಯರು ಬರುತ್ತವೆ, ಬರಲಿ. ಬೇಯಿಸುವವರನ್ನು ಕೇಳಿ ಬರಲಿ.

ಇಲ್ಲಿ ನಮ್ಮಂಥವರಿಗೆ ಕೆಲಸವಿದೆಯೆಂದು ನನ್ನ ನಂಬಿಕೆ. ಯಂತ್ರ ರಚಿಸುವ ವಿದ್ಯೆ ನಮಗಿಲ್ಲ. ಆದರೆ ಅಜ್ಜಿಯ ಮಾತೂ ಪುಸ್ತಕದ ಮಾತೂ ಎರಡೂ ತಿಳಿಯುವ ಮೊದಲ ತಲೆಮಾರು ನಾವು. ರಾಷ್ಟ್ರೀಯ ಸೇವಾ ಯೋಜನೆಯ ಮುಂದಿನ ಶಿಬಿರದಲ್ಲಿ ಒಂದು ದಿನವನ್ನು ಇದಕ್ಕೆ ಮೀಸಲಿಡಬಾರದೇಕೆ? ಮನೆಮನೆಯ ಒಲೆಯ ಮುಂದೆ ಕುಳಿತು ಯಾವ ಪಾತ್ರೆ, ಎಷ್ಟು ಸೌದೆ, ಯಾವ ಹೊತ್ತಿನ ಅಡಿಗೆ ಎಂದು ಬರೆದುಕೊಳ್ಳೋಣ. ಆ ಪುಸ್ತಕವನ್ನು ದಾವಣಗೆರೆಯ ಎಂಜಿನಿಯರಿಂಗ್ ಕಾಲೇಜುಗಳ ಗೆಳೆಯರಿಗೆ ಕೊಡೋಣ. ಅಧ್ಯಾಪಕರು ಒಪ್ಪಿದರೆ ಮೊದಲನೆಯ ಪುಟ ನಮ್ಮ ಮನೆಯಿಂದಲೇ ಆರಂಭವಾಗಲಿ. ಅವ್ವನನ್ನು ನಾನು ಒಪ್ಪಿಸುತ್ತೇನೆ.